ಗಿಲಕಿಯಮ್ಮನ ಕಾರು

"ಚಿಕ್ಕ ಸ್ಪ್ಯಾನರ್ ಕೊಡಿ. ಅದಲ್ಲ, ಅದರ ಪಕ್ಕದ್ದು" ಎನ್ನುತ್ತ ಕಾರಿನ ಕೆಳಗಿನಿಂದ ಒಂದು ಕೈ ಹೊರಗೆ ಬಂತು.

ಕೈ ಆ ಮನೆಯ ಮಗಳು, ಊರ ಶಾಲೆಯ ಹೆಡ್‌ಮಿಸ್ಸಿನದು. ಸಾವಿನ ಮನೆಗೆಂದು ಇಸ್ತ್ರಿ ಮಾಡಿ ಹಾಕಿಕೊಂಡ ಬಟ್ಟೆಯಲ್ಲೇ ಆಕೆ ಒಂದು ಹಳೆಯ ಗೋಣಿಚೀಲ ಹಾಸಿಕೊಂಡು ಅಮ್ಮನ ಕಾರಿನ ಅಡಿಗೆ ಸೇರಿದ್ದಳು. ಚಕ್ರಗಳಿಗೆ ಕಲ್ಲು ಕೊಟ್ಟಿತ್ತು. ಒಂದು ಬದಿಯ ಚಕ್ರಗಳು ಫುಟ್‌ಪಾತಿನ ಮೇಲೆ ಹತ್ತಿದ್ದರಿಂದ ಮನುಷ್ಯರು ನುಸುಳುವಷ್ಟು ಜಾಗವಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಪೆಟ್ಟಿಗೆಯೊಳಗೆ ಮಲಗಿದ್ದಳು. ಯಾರೋ ಹಾಸ್ಯವೊಂದನ್ನು ಅರ್ಧ ಹೇಳಿ ನಿಲ್ಲಿಸಿದ್ದಾರೆ, ಉಳಿದರ್ಧಕ್ಕೆ ಕಾಯುತ್ತಿದ್ದೇನೆ ಎಂಬಂಥ ಕಳೆ ಮುಖದಲ್ಲಿತ್ತು.

"ಇವತ್ತೊಂದು ದಿನ ಬಿಟ್ಟುಬಿಡು ತಾಯಿ" ಎಂದ ಅವಳ ಗಂಡ, ಸ್ಪ್ಯಾನರ್ ಕೊಡುತ್ತ. ಅವನದು ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ತಾಳ್ಮೆ. "ಆಸ್ಪತ್ರೆ ವ್ಯಾನಿಗೆ ಒಂದು ಫೋನ್ ಮಾಡಿದ್ರೆ ಸಾಕು, ಬಂದು ನಿಲ್ಲುತ್ತೆ."

"ಅಮ್ಮ ಏನು ಹೇಳಿದ್ಲು?"

"ನನ್ನ ಕಾರಲ್ಲೇ ಕಳಿಸಿ ಅಂದ್ರು."

"ಹಾಗಾದ್ರೆ ಸುಮ್ನೆ ಟಾರ್ಚ್ ಹಿಡೀರಿ."

ಆ ಬೆಳಿಗ್ಗೆ ನಡೆದದ್ದು ಇಷ್ಟು. ಕಾರನ್ನು ಹಿತ್ತಲಿನಿಂದ ಮನೆಯ ಮುಂದಕ್ಕೆ ತರೋಣವೆಂದು ಗಂಡ ಕೀ ತಿರುಗಿಸಿದ್ದ. ಒಳಗೆ ಜನ ಪೆಟ್ಟಿಗೆಯ ಸುತ್ತ ಕೂತು ಮೆಲ್ಲಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಎಂಜಿನ್ ಹತ್ತಿದ್ದೇ ತಡ, ಅಟ್ಟದ ಮೇಲಿನ ಪಾತ್ರೆಗಳೆಲ್ಲ ಒಟ್ಟಿಗೆ ಮೆಟ್ಟಿಲಿಳಿದು ಬಂದಂತೆ ಗಡಗಡಗಡ ಸದ್ದು ಎದ್ದಿತು. ಅಮ್ಮನ ತಂಗಿ, ಆ ಬೀದಿಗೆಲ್ಲ ಚಿಕ್ಕಮ್ಮ, ಅಳುತ್ತಿದ್ದವಳು ತಲೆಯೆತ್ತಿ "ನೋಡಿ, ನಮ್ಮಕ್ಕ ಎದ್ದು ಹೊರಟೇಬಿಟ್ಲು" ಎಂದಳು. ಅಷ್ಟು ಸಾಕಾಯಿತು. ಮೊದಲು ಬೇಕರಿಯವನ ಭುಜ ಕುಲುಕಿತು, ಆಮೇಲೆ ಇಡೀ ಕೋಣೆ. ಅಳು ಯಾವುದು ನಗು ಯಾವುದು ಎಂದು ಆ ಭಗವಂತನೇ ಬಂದು ಬೇರ್ಪಡಿಸಬೇಕಿತ್ತು. ನಗದೆ ಎದ್ದು ಹೊರಗೆ ಬಂದವಳು ಹೆಡ್‌ಮಿಸ್ ಒಬ್ಬಳೇ.

ಕಾರಿನ ಹೊಟ್ಟೆಯಡಿ ಸೈಲೆನ್ಸರ್ ಪೈಪು ಹಾದುಹೋಗುತ್ತದಷ್ಟೆ. ಓಡಿದಂತೆಲ್ಲ ಅದು ಕಾಯುತ್ತದೆ. ಆ ಬಿಸಿ ಮೇಲಕ್ಕೆ ತಾಗದಿರಲೆಂದು ನಡುವೆ ತೆಳ್ಳನೆಯ ತಗಡೊಂದನ್ನು ನಟ್ಟು ಬಿಗಿದು ಕೂರಿಸಿರುತ್ತಾರೆ. ಗ್ಯಾರೇಜಿನವರು ಹೀಟ್ ಶೀಲ್ಡ್ ಅನ್ನುತ್ತಾರೆ. ಕಾರಿಗೆ ವಯಸ್ಸಾದಂತೆ ತುಕ್ಕು ಹಿಡಿದು ತಗಡಿನ ತೂತು ಅಗಲವಾಗುತ್ತದೆ. ಆಗ ಅದು ನಟ್ಟಿನ ಹಿಡಿತ ತಪ್ಪಿಸಿಕೊಂಡು ಪೈಪಿಗೆ ಬಡಿದುಕೊಳ್ಳುತ್ತ ಊರಿಗೆಲ್ಲ ಡಂಗುರ ಸಾರುತ್ತದೆ. ಬೀದಿಯ ಮಕ್ಕಳು ಈ ಕಾರಿಗೆ ಗಿಲಕಿ ಎಂದು ಹೆಸರಿಟ್ಟಿದ್ದರು. ಬರಬರುತ್ತ ಅದನ್ನು ಓಡಿಸುವವಳೂ ಗಿಲಕಿಯಮ್ಮ ಆದಳು.

ಗಿಲಕಿಯಮ್ಮ ಕಿಟಕಿ ಪರದೆ ಹೊಲಿದು ಬದುಕಿದವಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಹೋಗುವಾಗ ಬಿಟ್ಟುಹೋದದ್ದು ಇಬ್ಬರು ಮಕ್ಕಳನ್ನು, ಈ ಉದ್ದ ಬೆನ್ನಿನ ಕಾರನ್ನು. ಪರದೆಯ ಸಲಾಕೆಗಳು ಹಿಡಿಸುತ್ತಿದ್ದ ಆ ಬೆನ್ನಿನಲ್ಲಿ ಈಗ ಪೆಟ್ಟಿಗೆ ಹಿಡಿಸಬೇಕಿತ್ತು. ಮೊನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಯಾರದೋ ಮನೆಯ ಪರದೆ, ಬೆರಳ ನಡುವೆ ಸೂಜಿ, ಹಾಗೆಯೇ ಕಣ್ಣು ಮುಚ್ಚಿದ್ದಳು. ಹಣ್ಣೆಲೆ ಉದುರುವಾಗ ಕೊಂಬೆಗೆ ಗೊತ್ತಾಗುವುದಿಲ್ಲವಂತೆ. ಅಂಥ ಸಾವಿಗೆ ಊರಿನ ವಯಸ್ಸಾದವರೆಲ್ಲ ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟರು.

ಅಂಥವಳನ್ನು ಸದ್ದಿಲ್ಲದೆ, ನಾಲ್ಕು ಜನ ನಗದ ಹಾಗೆ ಕಳಿಸಬೇಕು ಎಂಬುದು ಹೆಡ್‌ಮಿಸ್ ಬಾಯಿಬಿಟ್ಟು ಹೇಳಿದ ಕಾರಣ. ಹೇಳದಿದ್ದ ಕಾರಣ ಇನ್ನೊಂದಿತ್ತು. ಮೊನ್ನೆಯಿಂದ ಅಕ್ಕ ಇಲ್ಲದ ಹೊತ್ತು ನೋಡಿ ಬಂದುಹೋಗುತ್ತಿದ್ದ ತಮ್ಮ ಇನ್ನೇನು ಎದುರಿಗೇ ಬರುವವನಿದ್ದ. ಅಕ್ಕತಮ್ಮಂದಿರಿಗೆ ಮಾತು ಬಿದ್ದುಹೋಗಿ ವರ್ಷಗಳಾಗಿದ್ದವು. ಅವಳ ಮನೆ ಊರಿನ ಈ ತುದಿ, ಅವನದು ಆ ತುದಿ, ನಡುವೆ ಅಮ್ಮ. ಇವತ್ತು ನಡುವಿನವಳು ಎದ್ದು ಹೋದಳು. ಇವತ್ತು ಮಾತಾಡದಿದ್ದರೆ ಇನ್ನು ಯಾವ ಹೆಸರಲ್ಲಿ ಯಾರ ಮನೆಯ ಹೊಸ್ತಿಲು ಯಾರು ತುಳಿಯುವುದು? ಮಣ್ಣು ಹಾಕಿ ಕೈ ತೊಳೆದ ಮೇಲೆ ಅವನು ಅತ್ತ, ಇವಳು ಇತ್ತ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ, ಬಾಗಿಲಲ್ಲಿ ನಿಂತು "ಬಾರೋ" ಎನ್ನುವಷ್ಟು ಕುತ್ತಿಗೆ ಬಗ್ಗುತ್ತಿರಲಿಲ್ಲ. ಅದಕ್ಕೇ ಕಾರಿನ ಕೆಳಗೆ ಹೋಗಿ ಮಲಗಿದ್ದಳು.

*

ಜಗಳಕ್ಕೂ ಇದೇ ಕಾರು ಕಾರಣ. ಅಮ್ಮನ ಕಣ್ಣಿನ ಪೊರೆ ತೆಗೆಸಿದ ಮೇಲೆ ಮಗಳು ಕಾರಿನ ಕೀ ಕಿತ್ತುಕೊಂಡು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಅಮ್ಮ ಒಂದು ವಾರ ಕಿಟಕಿ ಬಳಿ ಕೂತಳು. ಎರಡನೆಯ ವಾರ ಮಗ ಗುಟ್ಟಾಗಿ ಇನ್ನೊಂದು ಕೀ ಮಾಡಿಸಿಕೊಟ್ಟ. ಅದೇ ದಿನ ಸಂಜೆ ಗಿಲಕಿ ಮಗಳ ಮನೆಯ ಗೇಟಿನ ಕಂಬಕ್ಕೆ ಗುದ್ದಿ ನಿಂತಿತು. ಅಮ್ಮ ಕೂದಲೂ ಕೊಂಕದೆ ಇಳಿದು, "ಈ ಕಂಬ ಮೊದಲೇ ವಾಲಿತ್ತು ಕಣೆ" ಎಂದಳು.

ಅಕ್ಕ ತಮ್ಮನನ್ನು ಕರೆಸಿದಳು. "ಅಮ್ಮನ್ನ ಕೊಲ್ಲೋಕೆ ಕೀ ಮಾಡಿಸಿಕೊಟ್ಯಾ?"

"ನೀನು ಅವಳನ್ನ ಬದುಕಿದ್ದಾಗಲೇ ಹೂತಿಟ್ಟಿದ್ದೆ. ನಾನು ಎತ್ತಿದೆ, ಅಷ್ಟೆ."

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆ ಎರಡು ಮಾತು ಹೋಗಲಿಲ್ಲ, ಬಿದ್ದ ಕಂಬದ ಜಾಗದಲ್ಲಿ ನೆಟ್ಟಗೆ ನಿಂತುಬಿಟ್ಟವು.

*

ಮನೆಯ ಮುಂದಿನ ಮೋಟುಗೋಡೆಯ ಮೇಲೆ ಕ್ಷೌರದಂಗಡಿಯವನೂ ಬೇಕರಿಯವನೂ ಬಂದು ಕೂತರು. ಚಿಕ್ಕಮ್ಮ ಚಹಾದ ತಟ್ಟೆ ಹಿಡಿದು ನಿಂತಳು. ಮೂವರ ಮಾತೂ ಕಾರಿನ ಕೆಳಗೆ ಚೆನ್ನಾಗಿ ಕೇಳುತ್ತಿತ್ತು.

"ಮೇಡಂ ಸುಮ್ನೆ ಕಷ್ಟಪಡ್ತಿದಾರೆ" ಎಂದ ಬೇಕರಿಯವನು. "ಆ ತಗಡನ್ನ ನಾನು ಹೋದ ವರ್ಷವೇ ಸರಿ ಮಾಡಿಕೊಟ್ಟಿದ್ದೆ. ಬ್ರೆಡ್ ತಟ್ಟೆಯ ತಂತಿ ಹಾಕಿ ಸುತ್ತಿದ್ದೆ, ಜನ್ಮದಲ್ಲಿ ಬಿಚ್ಚಬಾರದು."

"ನೀವು ಮಾಡಿದ್ರಾ?" ಕ್ಷೌರದವನು ಅವನ ಕಡೆ ಪೂರ್ತಿ ತಿರುಗಿದ. "ಅದನ್ನ ಸರಿ ಮಾಡಿದ್ದು ನಾನಲ್ವಾ?"

"ನೀವ್ಯಾವಾಗ?"

"ನನ್ನ ಹೆಂಡ್ತಿ ಹೋದಾಗ."

ಬೇಕರಿಯವನು ಚಹಾ ಊದುವುದನ್ನು ನಿಲ್ಲಿಸಿದ.

"ಅಂಗಡಿ ಬಾಗಿಲು ತೆಗೆದೇ ಇರಲಿಲ್ಲ ನಾನು" ಎಂದ ಕ್ಷೌರದವನು. "ಬಂದವರೆಲ್ಲ ಎದುರಿಗೆ ಕೂತು ಮುಖ ನೋಡೋರು. ಮುಖ ನೋಡಿದ್ರೆ ಮಾತು ಎಲ್ಲಿ ಬರುತ್ತೆ? ಒಂದಿನ ಅಮ್ಮಾವ್ರು ಗಡಗಡ ಅಂತ ಬಂದ್ರು. 'ಅಯ್ಯಾ, ಇದೊಂಚೂರು ನೋಡು, ತಲೆ ಚಿಟ್ಟು ಹಿಡೀತು' ಅಂದ್ರು. ನನಗೆ ಕತ್ತರಿ ಗೊತ್ತು, ಕಾರೇನು ಗೊತ್ತು? ಅಂದ್ರೂ ಕೇಳಬೇಕಲ್ಲ. ಕೆಳಗೆ ಮಲಗಿದೆ. ಅವರು ಮೆಟ್ಟಿಲ ಮೇಲೆ ಕೂತು ಹಣ್ಣು ಸುಲೀತಾ, ಟೈರಿನ ಹತ್ರ ಮಾತಾಡೋ ಥರ ಮಾತಾಡಿದ್ರು. 'ನಿನ್ನ ಹೆಂಡ್ತಿ ಯಾವ ಹಾಡು ಗುನುಗ್ತಿದ್ಲು?' ಅಂತ ಕೇಳಿದ್ರು. ಅಷ್ಟೆ ನೋಡಿ. ಕಾರಿನ ಕೆಳಗೆ ಮಲಗಿದವನ ಮುಖ ಯಾರಿಗೂ ಕಾಣಲ್ಲ. ಸಂಜೆವರೆಗೂ ಅತ್ತೆ. ಆಮೇಲೆ ಹಣ್ಣು ತಿಂದೆ."

"ನನಗೂ ಹಣ್ಣು ಕೊಟ್ಟಿದ್ರು" ಎಂದ ಬೇಕರಿಯವನು ನಿಧಾನವಾಗಿ. "ನಮ್ಮ ಮಗಳ ಮದುವೆ ಮುರಿದುಬಿತ್ತಲ್ಲ, ಆಗ." ಆಮೇಲೆ ಮಾತು ತಿರುಗಿಸಿದ: "ಅದಿರಲಿ, ಅಷ್ಟು ಸಲ ಅಷ್ಟು ಜನ ಬಿಗಿದ್ರೂ ಆ ತಗಡು ಮತ್ತೆ ಮತ್ತೆ ಹೇಗೆ ಬಿಚ್ಚಿಕೊಳ್ತು ಅಂತ."

ಚಿಕ್ಕಮ್ಮ ತಟ್ಟೆಯನ್ನು ಸೊಂಟಕ್ಕೆ ಒರಗಿಸಿದಳು. "ಪುಣ್ಯಾತ್ಮರಾ, ಅದು ತಾನಾಗೇ ಬಿಚ್ಚಿಕೊಳ್ತಿತ್ತು ಅಂದ್ಕೊಂಡಿದ್ರಾ? ಮೆಕ್ಯಾನಿಕ್‌ನ ಹೆಂಡ್ತಿ ರೀ ಅವಳು. ಯಾರ ಮನೇಲಿ ದೀಪ ಮಂಕಾಗಿದೆ ಅಂತ ಕೇಳಿದ್ರೆ ಸಾಕು, ಹಿತ್ತಲಿಗೆ ಹೋಗಿ ಕಾರಿನ ಕೆಳಗೆ ತೂರೋಳು. ನಾನು ಬೈದ್ರೆ 'ಸುಮ್ನಿರೆ, ನಾನು ಹೋಗಿ ಸಮಾಧಾನ ಹೇಳಿದ್ರೆ ಯಾರು ಕೇಳ್ತಾರೆ? ಕೆಲಸ ಕೊಟ್ರೆ ಮಾಡ್ತಾರೆ' ಅನ್ನೋಳು."

ಗೋಡೆಯ ಮೇಲಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ರಿಪೇರಿಯ ಜಾಣತನಕ್ಕೆ ಸಿಕ್ಕಿತೆಂದುಕೊಂಡಿದ್ದ ಹಣ್ಣು ಎಂಥದೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬೇಕರಿಯವನ ಭುಜ ಮತ್ತೆ ಕುಲುಕತೊಡಗಿತು.

ಕಾರಿನ ಕೆಳಗೆ ಹೆಡ್‌ಮಿಸ್ಸಿನ ಕೈಯಲ್ಲಿ ಸ್ಪ್ಯಾನರ್ ಹಾಗೇ ನಿಂತಿತ್ತು.

*

ಏಕೆಂದರೆ ಗಿಲಕಿ ಅವಳ ಶಾಲೆಗೂ ಬರುತ್ತಿತ್ತು. ಆ ಜಗಳದ ಮೇಲೂ ಅಮ್ಮ ಕೀ ಬಿಟ್ಟುಕೊಟ್ಟಿರಲಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ, ಖಾಲಿ ಅಂಗಳದಲ್ಲಿ ಸದ್ದು ಮಾಡುತ್ತ ಬಂದು ಆಫೀಸಿನ ಕಿಟಕಿಯಡಿ ನಿಲ್ಲುತ್ತಿತ್ತು.

"ಮತ್ತೆ ಶುರುವಾಯ್ತು ಕಣೆ" ಎನ್ನುತ್ತ ಅಮ್ಮ ಇಳಿಯುತ್ತಿದ್ದಳು.

ಹೆಡ್‌ಮಿಸ್ ಕೆಳಗೆ ಮಲಗಿ ನೋಡಿದರೆ, ತಗಡಿಗೂ ಪೈಪಿಗೂ ಸೇರಿಸಿ ಯಾರೋ ಒಂದು ದೊಡ್ಡ ಕ್ಲಿಪ್ಪು ಬಿಗಿದಿರುತ್ತಿದ್ದರು, ನಲ್ಲಿಯ ರಬ್ಬರ್ ಪೈಪಿಗೆ ಹಾಕುತ್ತಾರಲ್ಲ, ಅಂಥದ್ದು. "ಯಾವ ದಡ್ಡ ಮಾಡಿದ್ದು ಇದನ್ನ? ಕಾರಿಗೂ ಚರಂಡಿಗೂ ವ್ಯತ್ಯಾಸ ಗೊತ್ತಿಲ್ವಾ?" ಎಂದು ಅವಳು ಬೈದುಕೊಂಡು ಅದನ್ನು ಬಿಚ್ಚಿ ಎಸೆಯುತ್ತಿದ್ದಳು. ಅಗಲವಾದ ತೂತಿಗೆ ಅಗಲವಾದ ವಾಷರ್ ಬೇಕು, ಅದು ಅಪ್ಪ ಕಲಿಸಿದ ಪಾಠ. ಮಕ್ಕಳು ಬಿಟ್ಟುಹೋದ ಕಂಪಾಸ್ ಬಾಕ್ಸುಗಳು ಬೀರುವಿನಲ್ಲಿ ರಾಶಿ ಬಿದ್ದಿರುತ್ತಿದ್ದವು. ಒಂದರ ಮುಚ್ಚಳ ಕತ್ತರಿಸಿ, ತೂತು ಕೊರೆದು, ನಟ್ಟಿನ ಕೆಳಗೆ ಕೊಟ್ಟು ಬಿಗಿಯುತ್ತಿದ್ದಳು.

"ಯಾರು ಮಾಡಿದ್ದಮ್ಮ ಇದು?"

"ಯಾರೋ ಒಬ್ಬ ಪುಣ್ಯಾತ್ಮ" ಎನ್ನುತ್ತ ಅಮ್ಮ ಹಣ್ಣು ಸುಲಿಯುತ್ತಿದ್ದಳು.

"ಆ ಪುಣ್ಯಾತ್ಮನಿಗೆ ಹೇಳು, ಇನ್ನೊಂದು ಸಲ ಕೈ ಹಾಕಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ ಅಂತ."

"ಹೇಳ್ತೀನಿ, ಹೇಳ್ತೀನಿ."

ಊರಿನಲ್ಲಿ ಅಂಥ ಕ್ಲಿಪ್ಪುಗಳನ್ನು ಜೇಬಿನಲ್ಲಿ ತುಂಬಿಕೊಂಡು ತಿರುಗುವವನು ಯಾರೆಂದು ಅವಳಿಗೆ ಹೊಳೆಯಬೇಕಿತ್ತು. ಒಡಹುಟ್ಟಿದವನು ಕೊಳಾಯಿ ಕೆಲಸದವನು ಎಂಬುದು ಮರೆಯುವ ಸಂಗತಿಯೂ ಅಲ್ಲ. ಆದರೆ ಮುನಿಸಿನ ಕಣ್ಣಿನ ಪೊರೆಯನ್ನು ಯಾವ ಡಾಕ್ಟರೂ ತೆಗೆಯುವುದಿಲ್ಲ.

*

ಈಗ ಟಾರ್ಚಿನ ಬೆಳಕಿನಲ್ಲಿ ಅವಳು ನೋಡುತ್ತಿದ್ದದ್ದು ಅದನ್ನೇ. ತಗಡಿನ ಮುಂತುದಿಯಲ್ಲಿ ಅವಳ ಕಂಪಾಸ್ ಬಾಕ್ಸಿನ ತುಂಡು ಇದ್ದ ಹಾಗೇ ಇತ್ತು. ಅದರ ಪಕ್ಕದಲ್ಲೇ ಹೊಸ ಕ್ಲಿಪ್ಪು. ಒಂದನ್ನೊಂದು ಬಿಚ್ಚಿಹಾಕಿಕೊಂಡೇ ಬಂದ ಎರಡು ರಿಪೇರಿಗಳು ಮೊದಲ ಸಲ ಜೊತೆಯಾಗಿ ಕೂತಿದ್ದವು. ಮುಂದಿನ ಭಾಗ ಬಂಡೆಯಂತೆ ಗಟ್ಟಿ. ಸದ್ದು ಬರುತ್ತಿದ್ದದ್ದು ಹಿಂದಿನಿಂದ. ಅಲ್ಲಿ ನಟ್ಟೇ ಇರಲಿಲ್ಲ.

ಅವಳು ಹೊಸ ವಾಷರನ್ನೂ ನಟ್ಟನ್ನೂ ಹಿಡಿದು ಪ್ರಯತ್ನಿಸಿದಳು. ತಗಡು ಜೋತುಬೀಳುತ್ತಿತ್ತು. ನಡುವಿನಲ್ಲಿ ಒಬ್ಬರು ಅದನ್ನು ಮೇಲಕ್ಕೆ ಒತ್ತಿ ಹಿಡಿಯಬೇಕು, ಹಿಂದೆ ಇನ್ನೊಬ್ಬರು ಬಿಗಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

"ರೀ, ಸ್ವಲ್ಪ ಒಳಗೆ ಬಂದು ಇದನ್ನ ಹಿಡ್ಕೊಳ್ಳಿ."

ಗಂಡ ಮಂಡಿಯೂರಿದ, ಮಲಗಿದ, ತಲೆ ತೂರಿಸಿದ. ಹೊಟ್ಟೆ ಬಾಗಿಲಿನ ಅಂಚಿಗೆ ಸಿಕ್ಕಿಕೊಂಡಿತು. ಬೇಕರಿಯವನೂ ಕ್ಷೌರದವನೂ ಇಳಿದು ಬಂದು ಅವನ ಕಾಲು ಹಿಡಿದು ಎಳೆದರು.

"ಇವರನ್ನ ತೆಗೆಯೋಕೆ ಇನ್ನೊಬ್ಬ ಮೆಕ್ಯಾನಿಕ್ ಬೇಕು" ಎಂದಳು ಚಿಕ್ಕಮ್ಮ.

"ನಗಬೇಡಿ, ಹೊಟ್ಟೆ ಇನ್ನೂ ಊದುತ್ತೆ" ಎಂದ ಗಂಡ ಕಾರಿನ ಅಡಿಯಿಂದಲೇ.

ಆ ಗಲಾಟೆಯಲ್ಲಿ ಬೀದಿಯ ಆ ತುದಿಯಿಂದ ಒಬ್ಬ ನಡೆದು ಬಂದದ್ದನ್ನು ಯಾರೂ ಗಮನಿಸಲಿಲ್ಲ. ತಮ್ಮ ಮೊದಲು ಒಳಗೆ ಹೋಗಿ ಅಮ್ಮನ ತಲೆಯ ಬಳಿ ನಿಂತ. ಬಹಳ ಹೊತ್ತು ನಿಂತ. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಭಾವ ಹೇಗೋ ಹೊರಬಂದು ಧೂಳು ಕೊಡವಿಕೊಳ್ಳುತ್ತಿದ್ದ.

"ಏನಾಗಿದೆ ಭಾವ?"

"ಹಿಡಿಯೋಕೆ ಒಬ್ಬರು ಬೇಕಂತೆ. ನನ್ನ ಹೊಟ್ಟೆ ಒಪ್ಪಲಿಲ್ಲ."

ತಮ್ಮ ಚಪ್ಪಲಿ ಬಿಟ್ಟ. ಅಕ್ಕನ ಕಾಲುಗಳ ಪಕ್ಕದಲ್ಲೇ, ಬರಿಯ ನೆಲದ ಮೇಲೆ ಅಂಗಾತ ಮಲಗಿ ಒಳಕ್ಕೆ ಜಾರಿದ.

ಅಕ್ಕ ಟಾರ್ಚಿನ ಬೆಳಕನ್ನು ಅವನ ಮುಖದ ಮೇಲೆ ಬಿಡಲಿಲ್ಲ. ಅವನು ಎರಡೂ ಅಂಗೈಯಿಂದ ತಗಡನ್ನು ಮೇಲಕ್ಕೊತ್ತಿದ. ತುಕ್ಕು ಉದುರಿ ಇಬ್ಬರ ಮೇಲೂ ಬಿತ್ತು. ಅವಳು ವಾಷರ್ ಕೂರಿಸಿದಳು. ನಟ್ಟು ಎರಡು ಸಲ ಜಾರಿತು.

"ಎಡಕ್ಕೆ ತಿರುಗಿಸ್ತಿದೀಯ" ಎಂದ ಅವನು.

ಎಷ್ಟೋ ವರ್ಷಗಳ ಮೇಲೆ ಅವನಾಡಿದ ಮೊದಲ ಮಾತು ಅದು.

"ನನಗೆ ಗೊತ್ತು."

"ಗೊತ್ತಿದ್ರೆ ಬಲಕ್ಕೆ ತಿರುಗಿಸು."

ಬಲಕ್ಕೆ ತಿರುಗಿಸಿದಳು. ನಟ್ಟು ಹಿಡಿಯಿತು. ಅವಳು ಸ್ಪ್ಯಾನರ್ ಕೊಟ್ಟು ಬಿಗಿಯತೊಡಗಿದಳು.

"ಈ ಕ್ಲಿಪ್ಪು ನಿಂದಾ?" ಎಂದು ಕೇಳಿದಳು ಕೊನೆಗೆ, ತಗಡನ್ನೇ ನೋಡುತ್ತ.

"ಊರಲ್ಲಿ ಇನ್ಯಾರು ಕಾರಿಗೆ ಚರಂಡಿ ಕ್ಲಿಪ್ಪು ಹಾಕೋ ದಡ್ಡರಿದ್ದಾರೆ?"

ಅವಳ ಸ್ಪ್ಯಾನರ್ ನಿಂತಿತು. "ಅಮ್ಮ ಹೇಳಿಬಿಟ್ಲಾ ಅದನ್ನ?"

"ಒಂದಕ್ಷರ ಬಿಡದ ಹಾಗೆ. ನಿನ್ನ ದನಿಯಲ್ಲೇ ಹೇಳೋಳು. ಸೊಂಟದ ಮೇಲೆ ಕೈ ಇಟ್ಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, 'ಬೆಂಚಿನ ಮೇಲೆ ನಿಲ್ಲಿಸ್ತೀನಿ' ಅಂತ. ನನ್ನ ಹೆಂಡ್ತಿ ನಗ್ತಾ ನಗ್ತಾ ಒಲೆ ಮೇಲಿನ ಹಾಲು ಉಕ್ಕಿಸಿಬಿಡೋಳು."

"ನಾನೇ ಅಂತ ಗೊತ್ತಿತ್ತಾ ನಿನಗೆ?"

"ಕಾರಿನ ಕೆಳಗೆ ಏಳರ ಮಗ್ಗಿ ಬರೆದಿರೋ ತಗಡು ಹಾಕೋರು ಇನ್ಯಾರಕ್ಕ?"

ಕಂಪಾಸ್ ಬಾಕ್ಸಿನ ಮುಚ್ಚಳದ ಒಳಬದಿಯಲ್ಲಿ ಮಗ್ಗಿ ಅಚ್ಚಾಗಿರುವುದನ್ನು ಅವಳು ಎಂದೂ ಯೋಚಿಸಿರಲಿಲ್ಲ. ಆದರೆ ಈಗ ಅವಳ ಕಿವಿಯಲ್ಲಿ ನಿಂತದ್ದು ಮಗ್ಗಿಯಲ್ಲ, ಅಕ್ಕ ಎಂಬುದು.

"ಗೊತ್ತಿದ್ದೂ ಪ್ರತಿ ಸಲ ಬಿಚ್ಚಿ ಬಿಸಾಕ್ತಿದ್ಯಲ್ಲೋ."

"ಇದ್ದ ಹಾಗೇ ಬಿಟ್ಟಿದ್ರೆ ಅಮ್ಮನಿಗೆ ನಿನ್ನ ಹತ್ರ ಹೋಗೋಕೆ ನೆಪ ಎಲ್ಲಿರ್ತಿತ್ತು? ಅವಳು ಹೋಗದಿದ್ರೆ ನನಗೆ ಬೈಗುಳ ಎಲ್ಲಿಂದ ಬರ್ತಿತ್ತು?" ಅವನು ಅಂಗೈ ಸ್ವಲ್ಪ ಸರಿಸಿ ಹಿಡಿದ. "ಸೊಗಸಾಗಿ ಬೈತೀಯ ನೀನು. ಚಿಕ್ಕಂದಿನಿಂದ ಅಭ್ಯಾಸ ಬಿದ್ದುಹೋಗಿದೆ."

ಅವಳಿಗೆ ನಗು ಬಂತು. ಬೆಳಗಿನಿಂದ ಬಿಗಿಹಿಡಿದದ್ದು ಒಮ್ಮೆಗೇ ಬಂತು, ಜೊತೆಗೆ ಕಣ್ಣೀರೂ ಬಂತು. ಮಲಗಿದ್ದರಿಂದ ಅದು ಕಿವಿಯೊಳಕ್ಕೆ ಹರಿಯಿತು. ಕೈಯೆಲ್ಲ ತುಕ್ಕು, ಒರೆಸಿಕೊಳ್ಳುವ ಹಾಗಿರಲಿಲ್ಲ.

"ಹೋದ ಸಲ ಯಾಕೆ ಬಿಚ್ಚಲಿಲ್ಲ?"

"ಅವಳ ಕೈ ನಡುಗ್ತಿತ್ತಕ್ಕ. ಹಣ್ಣು ಸುಲಿಯೋಕೆ ಆಗಲಿಲ್ಲ, ನನ್ನ ಕೈಗೇ ಕೊಟ್ಲು. ಇನ್ನು ಓಡಿಸೋದು ಬೇಡಮ್ಮ ಅಂತ ಅವತ್ತು ನಾನೂ ಅಂದೆ. ನೀನು ಮೊದಲೇ ಹೇಳಿದ್ದನ್ನೇ. ಇರೋವಷ್ಟು ದಿನ ಗಟ್ಟಿಯಾಗಿರಲಿ, ಎರಡೂ ಇರಲಿ ಅನ್ನಿಸ್ತು."

"ಬೇಡ ಅಂದಿದ್ದಕ್ಕೆ ಏನಂದ್ಲು?"

"'ನೀನೂ ಹೆಡ್‌ಮಿಸ್ ಆಗಿಬಿಟ್ಯಾ' ಅಂದ್ಲು."

ಹೊರಗೆ ಗೋಡೆಯ ಬಳಿ ನಿಂತವರಿಗೆ ಮೊದಲು ಹೆಂಗಸಿನ ನಗು ಕೇಳಿಸಿತು, ಆಮೇಲೆ ಗಂಡಸಿನದು, ಆಮೇಲೆ ಯಾರದು ಯಾವುದೆಂದು ತಿಳಿಯದ ಒಂದು ಸದ್ದು. ಚಿಕ್ಕಮ್ಮ ತಟ್ಟೆಯನ್ನು ಎದೆಗವಚಿಕೊಂಡು ಆಕಾಶದ ಕಡೆ ನೋಡಿದಳು. ಅವಳ ತುಟಿ ಏನೋ ಮಣಮಣಿಸಿತು, ಪ್ರಾರ್ಥನೆಯೋ ಬೈಗುಳವೋ.

ನಟ್ಟು ಬಿಗಿಯಾಯಿತು. ಅವಳು ಬೆರಳ ಗೆಣ್ಣಿನಿಂದ ತಗಡನ್ನು ಕುಟ್ಟಿ ನೋಡಿದಳು. ಮಿಸುಕಲಿಲ್ಲ.

"ಕಾರು ನೀನೇ ಓಡಿಸು" ಎಂದಳು.

"ನೀನು ಓಡಿಸು. ಹಿರಿಯವಳು."

"ನನಗೆ ಕಣ್ಣು ಕಾಣಲ್ಲ ಕಣೋ ಈಗ."

"ನನಗೇನು ಕಾಣುತ್ತಾ?"

ಹೊರಗೆ ಪೆಟ್ಟಿಗೆ ಹೊರುವವರು ಬಾಗಿಲಿಗೆ ಬಂದು ನಿಂತಿದ್ದರು. ಹೊರಡುವ ಹೊತ್ತು ಮೀರುತ್ತಿತ್ತು. ಒಬ್ಬರು ಕೆಮ್ಮಿದರು. ಗಂಡ "ಆಯ್ತೇನೇ?" ಎಂದು ಕೇಳಲು ಬಗ್ಗಿದ. ಕ್ಷೌರದವನು ಅವನ ತೋಳು ಹಿಡಿದು ನಿಲ್ಲಿಸಿ, ಬೇಡವೆಂದು ತಲೆಯಾಡಿಸಿದ. ಅವನಿಗೆ ಆ ಜಾಗ ಗೊತ್ತಿತ್ತು. ಪೆಟ್ಟಿಗೆಯವರಿಗೂ ಕೂರುವಂತೆ ಕೈಸನ್ನೆ ಮಾಡಿದ. ಅವರು ಮೆಟ್ಟಿಲ ಮೇಲೆ ಕೂತರು. ಚಿಕ್ಕಮ್ಮ ಒಳಗೆ ಹೋಗಿ ಇನ್ನೊಮ್ಮೆ ಚಹಾಕ್ಕೆ ನೀರಿಟ್ಟಳು. ಬೀದಿಯಲ್ಲಿ ಬಿಸಿಲು ಕಾರಿನ ಚಾವಣಿಯಿಂದ ಇಳಿದು ಬಾಗಿಲಿಗೆ ಬಂತು.

ಕಾರಿನ ಬದಿಯಲ್ಲಿ ನಾಲ್ಕು ಪಾದಗಳು ಹೊರಚಾಚಿದ್ದವು, ಎರಡಕ್ಕೆ ಪಾಲಿಷ್ ಹಾಕಿದ ಕರಿಯ ಶೂ, ಎರಡು ಬರಿಗಾಲು. ಇದ್ದಕ್ಕಿದ್ದಂತೆ ಒಂದು ಬರಿಗಾಲು ಪಕ್ಕದ ಶೂವನ್ನು ಮೆಲ್ಲಗೆ ಒದೆಯಿತು. ಶೂ ಸ್ವಲ್ಪ ಹೊತ್ತು ಸುಮ್ಮನಿದ್ದು, ತಿರುಗಿ ಒದೆಯಿತು, ಒಂದೇ ಚಾಪೆಯ ಮೇಲೆ ಮಲಗಿಸಿದ ಮಕ್ಕಳು ದೊಡ್ಡವರ ಕಣ್ಣು ತಪ್ಪಿಸಿ ಮಾಡುವ ಹಾಗೆ.